ತೆಂಗಿನ ಸೀಮೆಯಲ್ಲಿ ಮುಂಗಡದ ಹಣ

ಕರಾವಳಿಯವರು ಕಾಯನ್ನು ಒಡೆದು ಬಿಸಿಲಿಗೆ ಹರಡಿ ಕೆಲವೇ ದಿವಸಗಳಲ್ಲಿ ಕೊಬ್ಬರಿ ಮಾಡಿಕೊಳ್ಳುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿಗೆ ಆ ಅವಸರ ಸಲ್ಲದು. ಮರದಲ್ಲಿಯೇ ಸಂಪೂರ್ಣವಾಗಿ ಬಲಿತ ಕಾಯನ್ನು ಕೆಡವಿ, ಸಿಪ್ಪೆ ಸಹಿತವಾಗಿ ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಗಿಟುಕು ಲೊಟಲೊಟನೆ ಸದ್ದು ಮಾಡುವವರೆಗೆ, ಎಂಟು ಹತ್ತು ತಿಂಗಳೋ ಒಂದು ವರ್ಷವೋ, ತೋಟದ ಒಡೆಯನು ಕಾಯಬೇಕು. ಆ ಅವಧಿಯಲ್ಲಿ ಮಗಳ ಮದುವೆ ಕಾಯುವುದಿಲ್ಲ, ಮಗನ ಕಾಲೇಜಿನ ಫೀಜು ಕಾಯುವುದಿಲ್ಲ, ಬತ್ತಿದ ಬಾವಿಯೂ ಕಾಯುವುದಿಲ್ಲ. ಹೀಗೆ ಅಟ್ಟದ ಮೇಲೆ ಸಂಪತ್ತಿದ್ದೂ ಕೈಯಲ್ಲಿ ಕಾಸಿಲ್ಲದ ಮನೆಗಳಿಗೆ ತಿಪಟೂರಿನ ಮಂಡಿಯ ಸಾಹುಕಾರನು ಮುಂಗಡವನ್ನು ಕೊಡುತ್ತಿದ್ದನು. ಕೊಬ್ಬರಿ ಸಿದ್ಧವಾದಾಗ ಅದನ್ನು ಅವನ ಮಂಡಿಗೇ ತಂದು ಹಾಕತಕ್ಕದ್ದೆಂಬುದು ಕಾಗದವಿಲ್ಲದೆಯೂ ನಡೆಯುತ್ತಿದ್ದ ಕರಾರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲುಮಾರ್ಗವು ತಿಪಟೂರನ್ನು ಹಾದುಹೋದ ಬಳಿಕ ಇಲ್ಲಿನ ಕೊಬ್ಬರಿ ಉತ್ತರ ಹಿಂದೂಸ್ಥಾನದ ದೂರದ ಪೇಟೆಗಳಿಗೂ ಹೊರಟಿತು. ವ್ಯಾಪಾರ ಬೆಳೆದಂತೆ ಮುಂಗಡವೂ ಬೆಳೆಯಿತು. ಆ ವ್ಯವಸ್ಥೆಯಲ್ಲಿ ಹಣ ಹಿಂದಕ್ಕೆ ಪಡೆಯುವ ಚಿಂತೆ ಸಾಹುಕಾರನದು, ರೈತನದಲ್ಲ. ಆದರೆ ಆ ಚಿಂತೆಗೆ ಪರಿಹಾರವೂ ಸಾಹುಕಾರನ ಕೈಯಲ್ಲಿಯೇ ಇದ್ದಿತು. ಮಾಲು ಅವನ ತಕ್ಕಡಿಯ ಮೇಲೆ ಬಂದು ಕುಳಿತೊಡನೆ ಅಸಲು, ಬಡ್ಡಿ, ಹಮಾಲಿಗಳೆಲ್ಲ ಪಟ್ಟಿಯಲ್ಲಿ ವಜಾ ಆಗಿ, ಉಳಿದದ್ದು ಮಾತ್ರ ರೈತನ ಕೈಗೆ ಬರುತ್ತಿತ್ತು. ಈ ವ್ಯವಹಾರವನ್ನು ಹದಕ್ಕೆ ತರುವ ಉದ್ದೇಶದಿಂದ ಮೈಸೂರು ಸಂಸ್ಥಾನದ 1939ರ ಮಾರುಕಟ್ಟೆ ಕಾಯಿದೆಯೂ, ಅನಂತರ 1966ರ ಕೃಷಿ ಉತ್ಪನ್ನ ಮಾರಾಟ ನಿಯಂತ್ರಣ ಕಾಯಿದೆಯೂ ಬಂದವು. ಬಹಿರಂಗ ತೂಕ, ಬಹಿರಂಗ ಹರಾಜು ನೆಲೆಗೊಂಡವು. ಮುಂಗಡದ ಋಣ ಮಾತ್ರ ಪೂರ್ಣವಾಗಿ ಹರಿಯಲಿಲ್ಲ.

ಇದೇ ರೈತನು ಕೊಬ್ಬರಿಯ ಹಣದಿಂದ ಕಾರನ್ನು ಕೊಳ್ಳಹೊರಟಾಗ ಹಣದ ಪ್ರವಾಹ ಹಿಮ್ಮುಖವಾಯಿತು. ಈಗ ಮುಂಗಡ ಕೊಡುವವನು ಅವನು, ಇರಿಸಿಕೊಳ್ಳುವವನು ವ್ಯಾಪಾರಿ. ಆದರೆ ಸಾಹುಕಾರನಿಗೆ ಅಟ್ಟದ ಕೊಬ್ಬರಿ ಭದ್ರತೆಯಾಗಿದ್ದಂತೆ ರೈತನಿಗೆ ಯಾವ ಭದ್ರತೆಯೂ ದೊರೆಯಲಿಲ್ಲ. ಮುಂಗಡದ ಇತಿಹಾಸವನ್ನು ನೋಡಿದಷ್ಟೂ ನನಗೆ ದೃಢವಾಗುವುದು ಇದು: ಹಣವು ಯಾರಿಗೆ ಸೇರಿದುದೆಂಬ ವಿಷಯದಲ್ಲಿ ಧರ್ಮಶಾಸ್ತ್ರಕ್ಕಾಗಲಿ ಕಾನೂನಿಗಾಗಲಿ ಹೆಚ್ಚಿನ ಗೊಂದಲವಿರಲಿಲ್ಲ, ಅದು ಯಾರ ವಶದಲ್ಲಿದೆಯೆಂಬುದೇ ಅದರ ಮರಳಿಕೆಯನ್ನು ನಿರ್ಣಯಿಸುತ್ತ ಬಂದಿದೆ.

ಧರ್ಮಶಾಸ್ತ್ರದ ಮಾತು ಬಂದುದರಿಂದ ನಮ್ಮ ನಾಡಿನವನೇ ಎನ್ನಬಹುದಾದ ಒಬ್ಬ ಮಹಾಪಂಡಿತನನ್ನು ಇಲ್ಲಿ ನೆನೆಯಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಕೊಳ್ಳುವ ಮಾರುವ ಮಾತನ್ನು ಸ್ಥಿರಪಡಿಸಲು ಒಬ್ಬನು ತನ್ನ ಉಂಗುರವನ್ನೋ ಅಂಥ ಬೇರೊಂದು ವಸ್ತುವನ್ನೋ ಮತ್ತೊಬ್ಬನ ಕೈಯಲ್ಲಿರಿಸಿದಾಗ, ಇರಿಸಿದವನೇ ಮಾತಿಗೆ ತಪ್ಪಿದರೆ ಅದನ್ನು ಕಳೆದುಕೊಳ್ಳುವನೆಂದೂ, ಇರಿಸಿಕೊಂಡವನು ತಪ್ಪಿದರೆ ಅದರ ಎರಡರಷ್ಟನ್ನು ಮರಳಿಸಬೇಕೆಂದೂ ಅವನು ಅಲ್ಲಿ ವಿವರಿಸುತ್ತಾನೆ. ಸಂಚಕಾರವು ಕೊಟ್ಟವನನ್ನು ಮಾತ್ರವಲ್ಲದೆ ಪಡೆದವನನ್ನೂ, ಅದಕ್ಕಿಂತ ಬಲವಾಗಿ, ಕಟ್ಟಿಹಾಕುತ್ತದೆಯೆಂಬ ಈ ವಿವೇಕ ಒಂಬೈನೂರು ವರ್ಷಗಳ ಹಿಂದಿನದು. ಇಂದಿನ ಬುಕಿಂಗ್ ಫಾರಮ್ಮುಗಳಲ್ಲಿ ಗ್ರಾಹಕನು ಹಿಂದೆಗೆದರೆ ಎಷ್ಟು ಕಡಿತವೆಂಬುದು ಅಚ್ಚಾಗಿರುತ್ತದೆ; ವಾಹನ ಕೊಡಲು ತಪ್ಪಿದರೆ ವ್ಯಾಪಾರಿ ಎಷ್ಟು ತೆರಬೇಕೆಂಬ ಸಾಲನ್ನು ಅಲ್ಲಿ ಹುಡುಕಿ ನೋಡಬೇಕು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ವಾಹನವೆಂಬುದು ದುರ್ಲಭ ವಸ್ತು. ಉತ್ಪಾದನೆಗೆ ಲೈಸೆನ್ಸು, ವಿದೇಶಿ ವಿನಿಮಯಕ್ಕೆ ಮಿತಿ, ಹಂಚಿಕೆಗೆ ಸರದಿ. 1960ರ ಸ್ಕೂಟರು ನಿಯಂತ್ರಣ ಆಜ್ಞೆಯ ಕಾಲದಲ್ಲಿ ಸ್ಕೂಟರು ಬೇಕಾದವನು ಅಂಚೆ ಕಚೇರಿಯಲ್ಲಿ ತನ್ನ ಹೆಸರಿನ ಉಳಿತಾಯ ಖಾತೆ ತೆರೆದು 250 ರೂಪಾಯಿ ಕಟ್ಟಿ, ಅದನ್ನು ವ್ಯಾಪಾರಿಯ ಹೆಸರಿಗೆ ಒತ್ತೆಯಿಟ್ಟು, ಸರದಿಯಲ್ಲಿ ನಿಲ್ಲುತ್ತಿದ್ದನು. ಬಜಾಜ್ ಸ್ಕೂಟರಿಗಾಗಿ ಅನೇಕರು ಹತ್ತು ವರ್ಷದವರೆಗೂ ಕಾದರು. ಅಷ್ಟು ಕಾಲ ಕಾಯಿಸಿದ ವ್ಯವಸ್ಥೆಯನ್ನು ಹೊಗಳಲು ನಾನು ಸಿದ್ಧನಿಲ್ಲ. ಆದರೆ ಆ ಪಾಸ್‌ಬುಕ್ಕನ್ನು ಮಾತ್ರ ಗೌರವದಿಂದ ನೆನೆಯುತ್ತೇನೆ. ಹೆಸರು ಗ್ರಾಹಕನದು, ಬಡ್ಡಿ ಗ್ರಾಹಕನದು, ಹಣ ಸರಕಾರದ ಅಂಚೆಯಲ್ಲಿ ಭದ್ರ. ವ್ಯಾಪಾರಿಗೆ ಇದ್ದುದು ಅದರ ಮೇಲಿನ ಒತ್ತೆಯ ಹಕ್ಕು ಮಾತ್ರ. ಬೇಡವೆಂದವನು ಒತ್ತೆ ಬಿಡಿಸಿಕೊಂಡು ತನ್ನ ಹಣವನ್ನು ತಾನು ಪಡೆಯುತ್ತಿದ್ದನು. ಆ ಹಣವನ್ನು ವ್ಯಾಪಾರಿ ತನ್ನ ಬಂಡವಾಳಕ್ಕೆ ಹಚ್ಚುವ ಮಾರ್ಗವೇ ಇರಲಿಲ್ಲ.

1983ರಲ್ಲಿ ಚಿತ್ರ ಬದಲಾಯಿತು. ಮಾರುತಿ ಕಂಪನಿಯು ಕಾರೊಂದಕ್ಕೆ 10,000 ರೂಪಾಯಿ ಮುಂಗಡ ಗೊತ್ತುಮಾಡಿ ಬುಕಿಂಗ್ ತೆರೆದಾಗ ಸುಮಾರು ಎರಡು ತಿಂಗಳಲ್ಲಿ ಲಕ್ಷಕ್ಕೂ ಮೀರಿದ ಜನ ಹಣ ಕಟ್ಟಿದರು. ಮೊದಲ ಕಾರಿನ ಕೀಲಿ ಗ್ರಾಹಕನ ಕೈ ಸೇರಿದುದು ಆ ವರ್ಷದ ಡಿಸೆಂಬರ್ 14ರಂದು. ಅಂದರೆ ಕಾರು ಕಾರ್ಖಾನೆಯಿಂದ ಹೊರಬರುವ ಮೊದಲೇ ನೂರು ಕೋಟಿಗೂ ಮಿಕ್ಕ ಸಾರ್ವಜನಿಕರ ಹಣ ತಯಾರಕನ ವಶದಲ್ಲಿದ್ದಿತು. ಅದು ಸರಕಾರದ ಪಾಲುದಾರಿಕೆಯ ಕಂಪನಿ, ಮಾತಿನಂತೆ ಕಾರು ಕೊಟ್ಟಿತು. ಆದರೆ ಗ್ರಾಹಕನ ಮುಂಗಡವು ಮಾರುವವನ ಬೊಕ್ಕಸಕ್ಕೆ ನೇರವಾಗಿ ಹೋಗಬಹುದೆಂಬ ಪದ್ಧತಿ ಅಂದಿನಿಂದ ಸಹಜವೆನಿಸಿತು. ಪಾಸ್‌ಬುಕ್ಕಿನ ಸ್ಥಾನದಲ್ಲಿ ಒಂದು ರಸೀದಿ ಬಂದಿತು.

ಇಂದು ಆಯುಧಪೂಜೆಗೋ ಯುಗಾದಿಗೋ ಕಾರು ಮನೆಗೆ ಬರಲೆಂದು ಕೊಬ್ಬರಿ ಮಾರಿದ ಹಣದಲ್ಲಿ ಬುಕಿಂಗ್ ಮಾಡುವ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಬ್ಯಾಂಕು ಸಾಲ ಕೊಡದೆ ಹೋಗಬಹುದು; ಹೇಳಿದ ಬಣ್ಣ, ಹೇಳಿದ ತಿಂಗಳು ತಪ್ಪಬಹುದು; ಕೊಬ್ಬರಿಯ ಧಾರಣೆಯೇ ಕುಸಿಯಬಹುದು. ಆಗ ಹಣ ಕೇಳಲು ಹೋದವನಿಗೆ ಮ್ಯಾನೇಜರು ಇಲ್ಲ, ಹೆಡ್ಡಾಫೀಸಿಗೆ ಬರೆದಿದ್ದೇವೆ, ಮುಂದಿನ ವಾರ ಬನ್ನಿ ಎಂಬ ಉತ್ತರಗಳು ದೊರೆಯುತ್ತವೆ. ಪ್ರತಿ ಉತ್ತರಕ್ಕೂ ಹುಳಿಯಾರಿನಿಂದಲೋ ಮಾಯಸಂದ್ರದಿಂದಲೋ ಒಂದು ದಿನದ ಕೆಲಸ ಬಿಟ್ಟು ಬಸ್ಸು ಹತ್ತಬೇಕು. ಅಲೆದು ಅಲೆದು ಸೋತು ಐದು ಸಾವಿರ ಹೋದರೆ ಹೋಗಲಿ ಎಂದು ಬಿಟ್ಟವರ ಹಣ ಅನೇಕ ವೇಳೆ ನ್ಯಾಯವಾಗಿ ಅವರದೇ ಆಗಿತ್ತೆಂಬುದು ನನ್ನನ್ನು ನೋಯಿಸುವ ಸಂಗತಿ.

ಏಕೆಂದರೆ ಕಾನೂನು ಇಲ್ಲಿ ಮೌನವಾಗಿಲ್ಲ. 1872ರ ಕರಾರು ಕಾಯಿದೆಯ 74ನೆಯ ಪ್ರಕರಣವು ಕರಾರು ಮುರಿದವನಿಂದಲೂ ಯುಕ್ತವಾದ ಪರಿಹಾರವನ್ನು ಮಾತ್ರ ಪಡೆಯಬಹುದೆನ್ನುತ್ತದೆ. 1963ರಲ್ಲಿ ಫತೇಚಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕರಾರು ಮುರಿದುಬಿದ್ದ ಒಂದು ಆಸ್ತಿ ಮಾರಾಟದಲ್ಲಿ, ಸಂಚಕಾರವಾಗಿ ಕೊಟ್ಟ 1,000 ರೂಪಾಯಿಯನ್ನು ಇರಿಸಿಕೊಳ್ಳಲು ಮಾರಾಟಗಾರನಿಗೆ ಅವಕಾಶ ಕೊಟ್ಟು, ಬೆಲೆಯ ಭಾಗವಾಗಿ ಕೊಟ್ಟ 24,000 ರೂಪಾಯಿಯನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೆ ಒಪ್ಪಲಿಲ್ಲ. ಬುಕಿಂಗಿನ ಸಣ್ಣ ಮೊತ್ತವೂ ಆಮೇಲೆ ತುಂಬಿದ ದೊಡ್ಡ ಮೊತ್ತವೂ ಒಂದೇ ಅಲ್ಲವೆಂಬುದನ್ನು ವಾಹನ ಕೊಳ್ಳುವವರು ಇದರಿಂದ ತಿಳಿಯಬೇಕು.

ಈ ನ್ಯಾಯ ಸಿವಿಲ್ ಕೋರ್ಟಿನ ಖರ್ಚು ಭರಿಸಲಾರದವನಿಗೂ ಎಟುಕಿದುದು 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದ. ಅದರ ಸ್ಥಾನಕ್ಕೆ ಬಂದ 2019ರ ಕಾಯಿದೆ ಇನ್ನೂ ಒಂದು ಉಪಕಾರ ಮಾಡಿತು: ಕಾರು ಬುಕ್ ಮಾಡಿದುದು ಬೆಂಗಳೂರಿನಲ್ಲಾದರೂ ತುರುವೇಕೆರೆಯ ವಾಸಿಯು ತನ್ನ ಜಿಲ್ಲೆಯ ತುಮಕೂರಿನ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವ್ಯಾಜ್ಯಕ್ಕೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ರಸೀದಿ, ಬ್ಯಾಂಕಿನ ಲೆಕ್ಕ, ಬುಕಿಂಗ್ ರದ್ದು ಮಾಡಿ ಬರೆದ ಕಾಗದದ ಪ್ರತಿ ಇವು ಕೈಯಲ್ಲಿರಬೇಕು. ಬಾಯಿಮಾತಿನ ಮೇಲೆ ನಡೆದ ಮಂಡಿಯ ಅಭ್ಯಾಸ ಇಲ್ಲಿ ಸಹಾಯಕ್ಕೆ ಬಾರದು. ಆದರೂ ದೂರು ಕೊಟ್ಟು ಹಣ ಪಡೆಯುವುದು ಎರಡನೆಯ ದಾರಿ. ಮುಂಗಡವು ಗ್ರಾಹಕನ ಹೆಸರಿನ ಖಾತೆಯಲ್ಲಿಯೇ ಉಳಿದು, ವಾಹನ ಕೊಟ್ಟ ದಿನ ಮಾತ್ರ ವ್ಯಾಪಾರಿಗೆ ಸಲ್ಲತಕ್ಕದ್ದೆಂಬ ಅರವತ್ತು ವರ್ಷಗಳ ಹಿಂದಿನ ಏರ್ಪಾಡನ್ನು ಇಂದಿನ ಬ್ಯಾಂಕುಗಳು ನಡೆಸಲಾರವೆಂದು ನಾನು ನಂಬುವುದಿಲ್ಲ.