ಲುದ್ಮಿಲಾ ಪಖೋಮೊವಾ: ಮಂಜಿನ ಅಂಗಳದಿಂದ ಗುರುವಿನ ಸ್ಥಾನಕ್ಕೆ

ಐಸ್ ಡ್ಯಾನ್ಸ್‌ಗೆ ವಿಶ್ವ ಚಾಂಪಿಯನ್‌ಷಿಪ್ ಸಿಕ್ಕಿದ್ದು 1952ರಲ್ಲಿ. ಮೊದಲ ಎರಡು ದಶಕ ಅದು ಹೆಚ್ಚಾಗಿ ಬ್ರಿಟಿಷರ ಸೊತ್ತು. ಬಾಲ್‌ರೂಮಿನ ಅಚ್ಚುಕಟ್ಟು ಹೆಜ್ಜೆಗಳೇ ಅದರ ಮಾದರಿ. ಈ ಚೌಕಟ್ಟನ್ನು ಒಡೆದವರಲ್ಲಿ ಮಾಸ್ಕೋದ ಲುದ್ಮಿಲಾ ಪಖೋಮೊವಾ (1946–1986) ಮುಖ್ಯರು.

1966ರಲ್ಲಿ ಅವರು ಅಷ್ಟೇನೂ ಹೆಸರು ಮಾಡಿರದ ಅಲೆಕ್ಸಾಂಡರ್ ಗೋರ್ಷ್ಕೋವ್‌ರನ್ನು ಜೊತೆಗಾರರನ್ನಾಗಿ ಆರಿಸಿಕೊಂಡರು. ತರಬೇತುದಾರರು ಯೆಲೆನಾ ಚೈಕೊವ್‌ಸ್ಕಾಯಾ. 1970ರಿಂದ 1974ರವರೆಗೆ ಸತತ ಐದು ವಿಶ್ವ ಪ್ರಶಸ್ತಿಗಳು ಬಂದವು. ಗೋರ್ಷ್ಕೋವ್‌ರ ಶ್ವಾಸಕೋಶದ ಶಸ್ತ್ರಚಿಕಿತ್ಸೆಯಿಂದಾಗಿ 1975ರ ವಿಶ್ವ ಸ್ಪರ್ಧೆ ತಪ್ಪಿತು. ಮರುವರ್ಷ ಇನ್ಸ್‌ಬ್ರುಕ್‌ನಲ್ಲಿ ಐಸ್ ಡ್ಯಾನ್ಸ್ ಮೊದಲ ಬಾರಿ ಒಲಿಂಪಿಕ್ಸ್ ಪದಕ ಸ್ಪರ್ಧೆಯಾದಾಗ ಚಿನ್ನ ಈ ಜೋಡಿಗೇ ಒಲಿಯಿತು. ಆರನೆಯ ವಿಶ್ವ ಪ್ರಶಸ್ತಿಯೂ ಆ ವರ್ಷದ್ದೇ.

ಪದಕಗಳಿಗಿಂತ ದೊಡ್ಡ ಕೊಡುಗೆ ‘ಟ್ಯಾಂಗೊ ರೊಮ್ಯಾಂಟಿಕಾ’. ಚೈಕೊವ್‌ಸ್ಕಾಯಾ ಜೊತೆ ಸೇರಿ ಇಬ್ಬರೂ ರಚಿಸಿದ ಈ ನೃತ್ಯ ಮುಂದೆ ಎಲ್ಲ ದೇಶಗಳ ಸ್ಪರ್ಧಿಗಳೂ ಕಲಿಯಬೇಕಾದ ಕಡ್ಡಾಯ ನೃತ್ಯಗಳ ಸಾಲಿಗೆ ಸೇರಿತು. ಸ್ಕೇಟಿನ ಅಲಗಿನ ಒಳ ಅಂಚಿನಿಂದ ಹೊರ ಅಂಚಿಗೆ ಹೊರಳುವ ಕ್ಷಣದಲ್ಲೂ ಮೈ ಜೊತೆಗಾರನಿಂದ ದೂರ ಸರಿಯಬಾರದು. ಟ್ಯಾಂಗೊದ ಬಿಗುವು ಕಾಣುವುದೇ ಅಲ್ಲಿ.

1976ರಲ್ಲಿ ಸ್ಪರ್ಧೆಯಿಂದ ನಿವೃತ್ತರಾದ ಪಖೋಮೊವಾ ತರಬೇತಿಗೆ ಇಳಿದರು. ಮಾಸ್ಕೋದ ನಾಟಕ ಕಲಾ ಸಂಸ್ಥೆಯಲ್ಲಿಯೂ ಪಾಠ ಹೇಳಿದರು. ಅವರ ಶಿಷ್ಯರಾದ ನತಾಲಿಯಾ ಅನ್ನೆಂಕೊ ಮತ್ತು ಗೆನ್ರಿಖ್ ಸ್ರೆಟೆನ್‌ಸ್ಕಿ 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಅದನ್ನು ಕಾಣಲು ಗುರು ಇರಲಿಲ್ಲ: ದುಗ್ಧಗ್ರಂಥಿಗಳ ಕ್ಯಾನ್ಸರ್‌ನಿಂದ 1986ರ ಮೇ ತಿಂಗಳಲ್ಲಿ, 39ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು.