45721 ಅಂದ್ರೆ ಯಾವ ದಿನ?

(1/4)
2025ರಲ್ಲಿ ನಮ್ಮ ಓಣಿಯ ಸ್ವಸಹಾಯ ಸಂಘದ ಲೆಕ್ಕವನ್ನ ಕಂಪ್ಯೂಟರಿಗೆ ಹಾಕಿದ್ದು ನಾನೇ. ಬಿಕಾಂ ಓದ್ತೀನಲ್ಲ, ಅದಕ್ಕೆ ಎಲ್ಲರೂ ನನ್ನ ತಲೆಗೇ ಕಟ್ಟಿದ್ರು. ಮೊಬೈಲಲ್ಲಿ ಟೈಪ್ ಮಾಡಿದ ಶೀಟನ್ನ ಸಿಎಸ್‌ವಿ ಮಾಡಿ ಗೆಳೆಯನ ಲ್ಯಾಪ್‌ಟಾಪಲ್ಲಿ ತೆರೆದೆ. ಮುಂದಿನ ಸಭೆಯಲ್ಲಿ ಪಕ್ಕದ ಮನೆ ದೊಡ್ಡಮ್ಮನಿಗೆ "ಮಾರ್ಚ್ ಕಂತು ಮೇ 3ಕ್ಕೆ ಕಟ್ಟೀರಿ, 50 ರೂಪಾಯಿ ದಂಡ" ಅಂದ್ರು. "ಇಲ್ಲವ್ವಾ, ಟೈಮಿಗೆ ಸರಿಯಾಗೇ ಕಟ್ಟೀನಿ" ಅಂತ ಅವರು ಹೇಳಿದ್ರೂ ಯಾರೂ ನಂಬಲಿಲ್ಲ. ಕಂಪ್ಯೂಟರ್ ಸುಳ್ಳು ಹೇಳ್ತದಾ?

(2/4)
ಹೇಳ್ತದೆ. ನಾನು ಹಾಕಿದ್ದು 05/03/2025. ಆ ಲ್ಯಾಪ್‌ಟಾಪ್ ಅಮೆರಿಕಾ ಸೆಟ್ಟಿಂಗಲ್ಲಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಮಾರ್ಚ್ 5 ಮೇ 3 ಆಗಿಹೋಯ್ತು.
ಇದಕ್ಕಿಂತ ಹಳೇ ತಪ್ಪೂ ಒಂದಿದೆ. ಎಕ್ಸೆಲ್ ಒಳಗೆ ದಿನಾಂಕ ಅನ್ನೋದು ಬರೀ ಎಣಿಕೆ. 1900ರ ಜನವರಿ 1 ಅಂದ್ರೆ 1, ಹಂಗೇ ಎಣಿಸುತ್ತಾ ಬಂದ್ರೆ 2025ರ ಮಾರ್ಚ್ 5 ಅಂದ್ರೆ 45721. 1983ರಲ್ಲಿ ಬಂದ ಲೋಟಸ್ 1-2-3 ಅನ್ನೋ ಪ್ರೋಗ್ರಾಂ 1900ನ್ನ ಅಧಿಕ ವರ್ಷ ಅಂತ ಎಣಿಸಿಬಿಡ್ತು. 400ರಿಂದ ಭಾಗ ಆಗದ ಶತಮಾನದ ವರ್ಷಕ್ಕೆ ಫೆಬ್ರವರಿ 29 ಇರಲ್ಲ. ಆದ್ರೂ ಲೋಟಸ್ ಫೈಲುಗಳು ಕೆಡಬಾರದು ಅಂತ ಎಕ್ಸೆಲ್ ಆ ತಪ್ಪನ್ನ ಹಾಗೇ ಉಳಿಸ್ಕೊಂಡ್ತು. ಈಗಲೂ 60 ಅಂತ ಹಾಕಿ ದಿನಾಂಕಕ್ಕೆ ಬದಲಾಯಿಸಿ: ಇಲ್ಲದೇ ಇದ್ದ 29-02-1900 ಬರುತ್ತೆ!
ಮ್ಯಾಕ್ ಕಂಪ್ಯೂಟರಿನ ಎಕ್ಸೆಲ್ ಈ ರಗಳೆಯೇ ಬೇಡ ಅಂತ 1904ರ ಜನವರಿ 1ನ್ನ ಸೊನ್ನೆ ಮಾಡ್ಕೊಂಡಿತ್ತು. ಎರಡರ ನಡುವೆ 1462 ದಿನದ ಅಂತರ. ಹಳೇ ಮ್ಯಾಕ್ ಫೈಲಿನ ಅಂಕಿಯನ್ನ ನಮ್ಮ ಫೈಲಿಗೆ ಅಂಟಿಸಿದ್ರೆ 2025ರ ಮಾರ್ಚ್ 5 ಹೋಗಿ 2021ರ ಮಾರ್ಚ್ 4 ಆಗುತ್ತೆ.

(3/4)
ಈಗ ಫೋಟೋ ನೋಡಿ. ನಮ್ಮ ದಾವಣಗೆರೆ ಪಕ್ಕದ ಹರಿಹರ, ಹರಿಹರೇಶ್ವರ ದೇವಸ್ಥಾನ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು. ಕೆಲವು ಕಡೆ 1223 ಅಂತ ಇರುತ್ತೆ, ಕೆಲವು ಕಡೆ 1224. ಯಾಕಂದ್ರೆ ಇಲ್ಲೂ ಒಂದು ಎಣಿಕೆಯಿಂದ ಇನ್ನೊಂದಕ್ಕೆ ದಾಟಬೇಕು. ಶಾಸನದಲ್ಲಿ ಇರೋದು ಶಕವರ್ಷ. ಅದಕ್ಕೆ 78 ಕೂಡಿಸಿದ್ರೆ ನಮ್ಮ ಇಸವಿ. ಆದ್ರೆ ಶಕವರ್ಷ ಶುರುವಾಗೋದು ಯುಗಾದಿಗೆ, ಹಾಗಾಗಿ ಜನವರಿಯಿಂದ ಯುಗಾದಿವರೆಗಿನ ದಿನಗಳಿಗೆ 79. ಅದರ ಮೇಲೆ, ಬರೆದಿರೋದು ಮುಗಿದ ವರ್ಷವೋ ನಡೀತಿರೋ ವರ್ಷವೋ ಅನ್ನೋ ಗೊಂದಲ ಬೇರೆ.
ಹಾಗಿದ್ರೂ ತಜ್ಞರು ದಿನ ಹುಡುಕೋದು ಹೇಗೆ? ನಮ್ಮ ಶಾಸನಗಳಲ್ಲಿ ಸಾಮಾನ್ಯವಾಗಿ ಶಕವರ್ಷದ ಜೊತೆ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲಾ ಕೆತ್ತಿರ್ತಾರೆ. ಅಂಕಿ ಅನುಮಾನ ಅನಿಸಿದ್ರೆ ಸಂವತ್ಸರ ನೋಡ್ತಾರೆ, ತಿಥಿಗೂ ವಾರಕ್ಕೂ ತಾಳೆ ಹಾಕ್ತಾರೆ. ಒಂದು ತಪ್ಪಿದ್ರೆ ಇನ್ನೊಂದು ಹಿಡಿದುಕೊಡುತ್ತೆ. ನಮ್ಮ ಶೀಟಲ್ಲಿ ಇರೋದು ಒಂದೇ ಅಂಕಿ. ಅದು ತಪ್ಪಿದ್ರೆ ಹೇಳೋಕೆ ಇನ್ನೊಂದು ಸಾಕ್ಷಿನೇ ಇಲ್ಲ.

(4/4)
ದೊಡ್ಡಮ್ಮನ ಹತ್ರ ಸಾಕ್ಷಿ ಇತ್ತು. ಮರುದಿನ ತಮ್ಮ ಹಳೇ ಪಾಸ್‌ಬುಕ್ ತಂದು ತೋರಿಸಿದ್ರು. ಪೆನ್ನಲ್ಲಿ ಬರೆದಿತ್ತು: 5-3, ಬುಧವಾರ. ನಾನು ಕ್ಯಾಲೆಂಡರ್ ತೆಗೆದೆ. ಮಾರ್ಚ್ 5 ಬುಧವಾರ, ಮೇ 3 ಶನಿವಾರ. ದಂಡ ವಾಪಸ್ ಕೊಟ್ರು. ಆದ್ರೆ ಎಲ್ಲರ ಮುಂದೆ ಅವರು ತಲೆ ತಗ್ಗಿಸಿ ಕೂತಿದ್ದನ್ನ ವಾಪಸ್ ಮಾಡೋಕೆ ನನ್ನಿಂದ ಆಗಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು "ತಪ್ಪು ನಂದು" ಅಂತ ಹೇಳಿದೆ, ಅಷ್ಟೇ.
ಈಗ ನಾನು ದಿನಾಂಕ ಬರೆಯೋದು 2025-03-05 ಅಂತ: ವರ್ಷ, ತಿಂಗಳು, ದಿನ. 1988ರಿಂದ ಇದೇ ಅಂತರರಾಷ್ಟ್ರೀಯ ಮಾನದಂಡ, ಹೆಸರು ಐಎಸ್ಒ 8601. ಪಕ್ಕದ ಕಾಲಂನಲ್ಲಿ ವಾರವನ್ನೂ ಕೈಯಾರೆ ಟೈಪ್ ಮಾಡ್ತೀನಿ. ಫಾರ್ಮುಲಾ ಹಾಕಲ್ಲ, ಹಾಕಿದ್ರೆ ತಪ್ಪು ದಿನಾಂಕಕ್ಕೆ ತಪ್ಪು ವಾರವೇ ಬರುತ್ತೆ.
ಫೈಲ್ ಕಳಿಸೋ ಮುಂಚೆ ಒಂದೆರಡು ದಿನಾಂಕ ಕ್ಯಾಲೆಂಡರಲ್ಲಿ ನೋಡ್ರಪ್ಪಾ. ಪ್ರಾಜೆಕ್ಟ್ ಇರೋರು ಸೇವ್ ಮಾಡ್ಕೊಳ್ಳಿ.

#ಹರಿಹರ #ದಾವಣಗೆರೆ #ಬಿಕಾಂ #ನಮ್ಮೂರ_ಇತಿಹಾಸ