ಕಾರ್ಸನ್, ಅಲೆಕ್ಸಾಂಡರ್

1776-1844. ಐರ್ಲೆಂಡಿನ ಬ್ಯಾಪ್ಟಿಸ್ಟ್ ಬೋಧಕ, ಗ್ರೀಕ್ ಪಂಡಿತ. ಆ ದೇಶದ ಉತ್ತರ ಭಾಗದ ಟೋಬರ್‌ಮೋರ್ ಎಂಬ ಸಣ್ಣ ಊರಿನಲ್ಲಿ ನಲವತ್ತಾರು ವರ್ಷ ಸಭಾಪಾಲಕನಾಗಿದ್ದ. ದೀಕ್ಷಾಸ್ನಾನವನ್ನು ಕುರಿತ ಈತನ ಗ್ರಂಥದಿಂದಾಗಿ ಆ ಊರಿನ ಹೆಸರು ಅಮೆರಿಕದವರೆಗೂ ಹಬ್ಬಿತು.

ಐರ್ಲೆಂಡಿಗೆ ಬ್ಯಾಪ್ಟಿಸ್ಟರು ಬಂದದ್ದು ಕಾರ್ಸನ್‌ಗಿಂತ ಒಂದೂವರೆ ಶತಮಾನ ಮೊದಲು, ಇಂಗ್ಲೆಂಡಿನ ಅರಸೊತ್ತಿಗೆಯನ್ನು ಕಿತ್ತೊಗೆದ ಕ್ರಾಮ್‌ವೆಲ್‌ನ ಸೈನ್ಯದ ಜೊತೆಗೆ. ಲಂಡನ್ನಿನಿಂದ ಬಂದ ಥಾಮಸ್ ಪೇಷಂಟ್ ವಾಟರ್‌ಫರ್ಡ್, ಡಬ್ಲಿನ್‌ಗಳಲ್ಲಿ ಬೋಧಿಸಿದ. ಪಡುವಣ ಕಡಲತೀರದ ಗಾಲ್ವೇ ಪಟ್ಟಣ 1652ರಲ್ಲಿ ದೀರ್ಘ ಮುತ್ತಿಗೆಯ ನಂತರ ಶರಣಾಯಿತು. ಮರುವರ್ಷದ ಹೊತ್ತಿಗೆ ಅಲ್ಲಿಯೂ ಒಂದು ಬ್ಯಾಪ್ಟಿಸ್ಟ್ ಸಭೆ ಇತ್ತು. ಸೇರಿದವರು ಹೆಚ್ಚಾಗಿ ಸೈನಿಕರು, ಅಧಿಕಾರಿಗಳು. ಗೆದ್ದವರ ಈ ಮತವನ್ನು ಸೋತ ಕ್ಯಾಥೊಲಿಕ್ ಜನ ಒಪ್ಪುವ ಮಾತೇ ಇರಲಿಲ್ಲ. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ಕಾರ್ಕ್‌ನಂಥ ಕೆಲವೆಡೆ ಮಾತ್ರ ಪಂಥ ಉಸಿರು ಹಿಡಿದುಕೊಂಡಿತು. ಸೈನ್ಯದ ಆಸರೆಯಿಲ್ಲದೆ ಊರಿನ ಜನರ ನಡುವೆಯೇ ಸಭೆ ಕಟ್ಟಿದವರಲ್ಲಿ ಕಾರ್ಸನ್‌ನದು ಮೊದಲ ದೊಡ್ಡ ಹೆಸರು.

ಟಿರೋನ್ ಕೌಂಟಿಯ ಪ್ರೆಸ್ಬಿಟೇರಿಯನ್ ಮನೆತನದಲ್ಲಿ ಹುಟ್ಟಿದ ಈತ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿ, 1798ರ ಮೇ ತಿಂಗಳಲ್ಲಿ ಟೋಬರ್‌ಮೋರ್‌ನ ಪ್ರೆಸ್ಬಿಟೇರಿಯನ್ ಸಭೆಗೆ ಪಾದ್ರಿಯಾಗಿ ಬಂದ. ಬಂದದ್ದು ಕೆಟ್ಟ ಗಳಿಗೆಯಲ್ಲಿ. ಬ್ರಿಟಿಷರ ವಿರುದ್ಧದ ಯುನೈಟೆಡ್ ಐರಿಷ್‌ಮೆನ್ ದಂಗೆ ಅದೇ ತಿಂಗಳು ಹೊತ್ತಿಕೊಂಡಿತು. ಪಕ್ಕದ ಮಘೇರಾ ಊರಿನ ಪಾದ್ರಿ ಜಾನ್ ಗ್ಲೆಂಡಿ ತಲೆತಪ್ಪಿಸಿಕೊಂಡು ಅಮೆರಿಕ ಸೇರಬೇಕಾಯಿತು. ಕಾರ್ಸನ್‌ನ ಜಗಳ ಮಾತ್ರ ಸರ್ಕಾರದೊಂದಿಗಲ್ಲ, ತನ್ನದೇ ಚರ್ಚಿನೊಂದಿಗೆ. ನಂಬಿಕೆಯ ಗುರುತೇ ಇಲ್ಲದವರನ್ನೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಕೂರಿಸುವುದು, ಸಭೆಯ ಆಡಳಿತವನ್ನು ಸಿನಡ್ ಎಂಬ ಮೇಲ್ಮಂಡಲಿ ನಡೆಸುವುದು, ಇವಕ್ಕೆ ಹೊಸ ಒಡಂಬಡಿಕೆಯಲ್ಲಿ ಆಧಾರವಿಲ್ಲವೆಂದು ಆತ ವಾದಿಸಿದ. 1805ರಲ್ಲಿ ಕಾರಣಗಳನ್ನು ಅಚ್ಚುಹಾಕಿಸಿ ಅಲ್ಸ್ಟರ್ ಸಿನಡ್‌ನಿಂದ ಹೊರಬಿದ್ದ.

ಹೊರಬಿದ್ದುದರ ಬೆಲೆ ತೆತ್ತದ್ದು ಇಡೀ ಮನೆ. ಪ್ರೆಸ್ಬಿಟೇರಿಯನ್ ಪಾದ್ರಿಗಳಿಗೆ ಸರ್ಕಾರ ಕೊಡುತ್ತಿದ್ದ ರಾಜದತ್ತಿಯನ್ನು 1803ರಲ್ಲಿ ಸಭೆಯ ಗಾತ್ರ ನೋಡಿ ವರ್ಷಕ್ಕೆ 50, 75, 100 ಪೌಂಡುಗಳ ಮೂರು ದರ್ಜೆಗಳಾಗಿ ಹೆಚ್ಚಿಸಲಾಗಿತ್ತು. ಹಣ ಕೈತುಂಬ ಬರುವ ಹೊತ್ತಿಗೆ ಸರಿಯಾಗಿ ಕಾರ್ಸನ್ ಅದನ್ನು ಬಿಟ್ಟ. ಹೆಂಡತಿ ಮಾರ್ಗರೆಟ್ ಲೆಡ್ಲಿ ಅನುಕೂಲಸ್ಥರ ಮನೆಯಿಂದ ಬಂದವಳು. ಆಕೆ ಹೆತ್ತದ್ದು ಹದಿಮೂರು ಮಕ್ಕಳನ್ನು. ಬೋಧಕನ ಚರಿತ್ರೆ ಬರೆಯುವವರು ಆತನ ಧೈರ್ಯವನ್ನು ಪುಟಗಟ್ಟಲೆ ಹೊಗಳುತ್ತಾರೆ. ದತ್ತಿಯಿಲ್ಲದ ಮನೆಯಲ್ಲಿ ಇಷ್ಟು ಮಕ್ಕಳನ್ನು ಸಾಕಿದವಳಿಗೆ ಸಿಗುವುದು ಒಂದೆರಡು ಸಾಲು. ಹಿಂಬಾಲಿಸಿ ಬಂದ ಜನರಿಗೂ ಆರಂಭದಲ್ಲಿ ಸೂರಿರಲಿಲ್ಲ. ರೈತರ ಕಣಜಗಳಲ್ಲಿ, ಬಯಲಲ್ಲಿ ಆರಾಧನೆ ನಡೆಯಿತು. ಕಲ್ಲಿನ ಪ್ರಾರ್ಥನಾಮಂದಿರ ಎದ್ದದ್ದು 1814ರಲ್ಲಿ. ಅಲ್ಲಿ ಪ್ರತಿ ಭಾನುವಾರವೂ ಪ್ರಭುಭೋಜನವಿತ್ತು.

ಚರ್ಚು ಬಿಟ್ಟಾಗ ಕಾರ್ಸನ್ ಇನ್ನೂ ಬ್ಯಾಪ್ಟಿಸ್ಟ್ ಆಗಿರಲಿಲ್ಲ. ದೀಕ್ಷಾಸ್ನಾನ ಶಿಶುಗಳಿಗಲ್ಲ, ನಂಬಿದವರಿಗೆ ಮಾತ್ರ ಎಂಬ ಬ್ಯಾಪ್ಟಿಸ್ಟರ ವಾದವನ್ನು ಮುರಿಯಲೆಂದೇ ಹೊಸ ಒಡಂಬಡಿಕೆಯನ್ನು ಹೊಸದಾಗಿ ಓದಲು ಕುಳಿತು, ಓದುತ್ತ ಓದುತ್ತ ಅವರ ಕಡೆಗೇ ವಾಲಿದ. ಆದರೂ ಶಿಶುವಾಗಿದ್ದಾಗ ದೀಕ್ಷೆ ಪಡೆದ ವಿಶ್ವಾಸಿಗಳನ್ನು ಪ್ರಭುಭೋಜನದಿಂದ ಹೊರಗಿಡಲು ಒಪ್ಪಲಿಲ್ಲ. ಈ ವಿಷಯದಲ್ಲಿ ಹಲವು ಬ್ಯಾಪ್ಟಿಸ್ಟರಿಗಿಂತ ಉದಾರಿ.

1831ರಲ್ಲಿ ಪ್ರಕಟವಾದ ಈತನ ಮುಖ್ಯ ಗ್ರಂಥ ದೀಕ್ಷಾಸ್ನಾನದ ವಿಧಾನವನ್ನೂ ಅದನ್ನು ಪಡೆಯತಕ್ಕವರು ಯಾರೆಂಬುದನ್ನೂ ಚರ್ಚಿಸುತ್ತದೆ. ಗ್ರೀಕಿನ 'ಬ್ಯಾಪ್ಟೈಜೋ' ಕ್ರಿಯಾಪದಕ್ಕೆ ಮುಳುಗಿಸುವುದು ಎಂಬೊಂದೇ ಅರ್ಥ, ಚಿಮುಕಿಸುವುದಕ್ಕೆ ಅದು ಸಲ್ಲದು ಎಂಬುದು ಇದರ ವಾದ. ಅದಕ್ಕಾಗಿ ಕಾರ್ಸನ್ ಧರ್ಮಗ್ರಂಥದ ಆಚೆಗೂ ಹೋಗಿ ವೈದ್ಯ ಹಿಪ್ಪೊಕ್ರಾಟಿಸ್‌ನ ಬರಹವನ್ನೂ ಜಾಲಾಡಿದ. ಬಣ್ಣದ ಹನಿ ಬಿದ್ದು ಬಟ್ಟೆಗೆ ಬಣ್ಣ ಹತ್ತಿತು ಎನ್ನುವಲ್ಲಿ ಹಿಪ್ಪೊಕ್ರಾಟಿಸ್ ಬಳಸುವುದು ಅದರ ಮೂಲಪದ 'ಬ್ಯಾಪ್ಟೋ'. ಇಲ್ಲಿ ಅದ್ದುವ ಕೆಲಸವೇ ಇಲ್ಲ. ಇದು ತನ್ನ ವಾದಕ್ಕೆ ಅಡ್ಡಬರುವಂತೆ ಕಂಡರೂ ಕಾರ್ಸನ್ ಮುಚ್ಚಿಡಲಿಲ್ಲ: ಮೂಲಪದಕ್ಕೆ ಬಣ್ಣ ಹಾಕು ಎಂಬ ಎರಡನೆಯ ಅರ್ಥ ಬಂದಿದೆ, ಸಾಧಿತ ಪದಕ್ಕೆ ಬಂದಿಲ್ಲ ಎಂದು ಬಿಡಿಸಿ ತೋರಿಸಿದ. ವಿರೋಧಿಗಳ ವಿಷಯದಲ್ಲಿ ಇಷ್ಟು ತಾಳ್ಮೆ ಇರಲಿಲ್ಲ. ಗ್ಲಾಸ್ಗೋದ ಬೋಧಕ ಗ್ರೆವಿಲ್ ಯೂಯಿಂಗ್‌ನ ಮೇಲೆ ಹರಿಹಾಯ್ದ ಪುಟಗಳು ಪಾಂಡಿತ್ಯಕ್ಕಿಂತ ಕುಹಕಕ್ಕೇ ನೆನಪಾಗುವಂಥವು. ಬೈಬಲಿನ, ದೇವರ ಹೆಸರೇ ಬಾರದ ಎಸ್ತೇರಳ ಗ್ರಂಥದಲ್ಲಿ ದೈವಸಂಕಲ್ಪದ ಜಾಡು ಹಿಡಿದ ಈತನ ಪುಸ್ತಕ ಇಂದಿನ ಓದುಗನಿಗೆ ಹೆಚ್ಚು ಹತ್ತಿರ.

1792ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಬ್ಯಾಪ್ಟಿಸ್ಟ್ ಮಿಷನರಿ ಸಂಘಕ್ಕಾಗಿ ಕಾರ್ಸನ್ ಊರೂರು ತಿರುಗಿ ಬೋಧಿಸಿದ. ಇದೇ ಸಂಘ ಬಂಗಾಳಕ್ಕೆ ಕಳಿಸಿದ ವಿಲಿಯಂ ಕೇರಿ 1817ರಲ್ಲಿ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚುಹಾಕಿಸಿದ. 1844ರಲ್ಲಿ ಮಾರ್ಗರೆಟ್ ತೀರಿಕೊಂಡಳು. ಅದೇ ವರ್ಷ ಸಂಘದ ಪರವಾದ ಪ್ರವಾಸ ಮುಗಿಸಿ ಮರಳುವಾಗ, ಲಿವರ್‌ಪೂಲ್ ಬಂದರಿನಲ್ಲಿ ಹಡಗಿಗೆ ಕಾಯುತ್ತಿದ್ದ ಕಾರ್ಸನ್ ಧಕ್ಕೆಯ ಅಂಚಿನಿಂದ ನೀರಿಗೆ ಬಿದ್ದ. ಮೇಲೆತ್ತಿ ಹಡಗು ಹತ್ತಿಸಿದರೂ ಬೆಲ್‌ಫಾಸ್ಟಿನಿಂದ ಮುಂದೆ ಹೋಗಲಾಗಲಿಲ್ಲ. ಆಗಸ್ಟ್ 24ರಂದು ಅಲ್ಲಿಯೇ ಸತ್ತ.

ಮಕ್ಕಳಲ್ಲಿ ರಾಬರ್ಟ್ ಹಾಲ್ಡೇನ್ ಕಾರ್ಸನ್‌ಗೆ ತಂದೆಯ ಗೆಳೆಯ, ಸ್ಕಾಟ್ಲೆಂಡಿನ ಬೋಧಕ ರಾಬರ್ಟ್ ಹಾಲ್ಡೇನ್‌ನ ಹೆಸರು. ಮುಂದೆ ಟೋಬರ್‌ಮೋರ್ ಸಭೆಗೆ ಈತನೇ ಪಾಲಕನಾದ. ಜೇಮ್ಸ್ ಕಾರ್ಸನ್ ಕೋಲ್‌ರೇನ್‌ನಲ್ಲಿ ವೈದ್ಯನಾಗಿದ್ದು, ತಂದೆಯಂತೆಯೇ ಮತವಿವಾದಗಳಲ್ಲಿ ಲೇಖನಿ ಹಿಡಿದ. ಪ್ಲಿಮತ್ ಬ್ರದರನ್ ಪಂಥವನ್ನು ಖಂಡಿಸಿದ ಈತನ ಪುಸ್ತಕ ಪ್ರಸಿದ್ಧ. ಅಲೆಕ್ಸಾಂಡರ್‌ನ ಕೃತಿಗಳು 1847ರಿಂದ 1864ರವರೆಗೆ ಡಬ್ಲಿನ್ನಿನಿಂದ ಆರು ಸಂಪುಟಗಳಲ್ಲಿ ಹೊರಬಂದವು.